30 ಗ್ರಾಂ ತಳ್ಳೋ ಎಂಜಿನ್‌ಗೆ 1000 ಗಂಟೆ ಟೆಸ್ಟ್ ಯಾಕೆ?

ಸಾಲಗಾಮೆ ರೋಡ್:
ಹಾಸನದ ಎಂಸಿಎಫ್ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ಡಿಶ್‌ಗಳನ್ನು ನೋಡಿಕೊಂಡೇ ಬೆಳೆದವನು ನಾನು. ಈಗ ಮೆಕ್ಯಾನಿಕಲ್ ಮೂರನೇ ವರ್ಷ. ಸೆಮಿನಾರ್‌ಗೆ ಪ್ಲಾಸ್ಮಾ ಎಂಜಿನ್ (ಕರೆಂಟಿನಿಂದ ಅನಿಲವನ್ನು ಅಯಾನು ಮಾಡಿ ಎಸೆದು ನೌಕೆ ತಳ್ಳುವ ಎಂಜಿನ್) ತಗೊಂಡು ಸಿಕ್ಕಿಹಾಕಿಕೊಂಡಿದ್ದೇನೆ. ಇಸ್ರೋ 2025ರ ಮಾರ್ಚ್‌ನಲ್ಲಿ ಒಂದು ಪ್ಲಾಸ್ಮಾ ಥ್ರಸ್ಟರನ್ನು (ಇಂಥದ್ದೇ ಎಂಜಿನ್) 1000 ಗಂಟೆ ಓಡಿಸಿ ಟೆಸ್ಟ್ ಮುಗಿಸಿತಲ್ಲ, ಅದರ ಪವರ್ 5.4 ಕಿಲೋವ್ಯಾಟ್, ತಳ್ಳುವ ಬಲ 300 ಮಿಲಿನ್ಯೂಟನ್. ಅಂದರೆ 30 ಗ್ರಾಂ ತೂಕದಷ್ಟು! ಹೆಚ್ಚುಕಡಿಮೆ ಅಷ್ಟೇ ಕರೆಂಟಿನಲ್ಲಿ ಸಕಲೇಶಪುರದ ಹತ್ತಿರ ನಮ್ಮ ಅಜ್ಜನ ತೋಟದ 7.5 ಎಚ್‌ಪಿ ಮೋಟಾರು ಹೊಳೆ ನೀರನ್ನು ಗುಡ್ಡ ಹತ್ತಿಸುತ್ತದೆ. ಇದನ್ನು ನಂಬಿ ಮಂಗಳಕ್ಕೆ ಹೋಗೋದಾ? ಹತ್ತು ಗಂಟೆ ಓಡಿಸಿ ನೂರರಿಂದ ಗುಣಿಸಿದರೆ ಸಾಲದಾ? ಈ ಟೆಸ್ಟ್ ಹಾಸನದಲ್ಲೇ ಆಗುತ್ತೆ ಅಂತ ಫ್ರೆಂಡ್ ಬೇರೆ ಹೇಳುತ್ತಿದ್ದಾನೆ, ಹೌದಾ?

ಮೂಡಿಗೆರೆ ಮಳೆ:
ಜೂನ್‌ನಲ್ಲಿ ಒಂದು ಸಲ ನಮ್ಮ ಕಡೆ ಬಾ ತಮ್ಮಾ. ರಾಕೆಟ್ ಅಂದರೆ ಏಪ್ರಿಲ್‌ನ ಗುಡುಗು ಮಳೆ, ಅರ್ಧ ಗಂಟೆ ಸುರಿದು ನಿಂತುಬಿಡುತ್ತದೆ. ಪ್ಲಾಸ್ಮಾ ಎಂಜಿನ್ ಜಿಟಿಜಿಟಿ ಮಳೆ. ಛತ್ರಿಯೇ ಬೇಡ ಅನ್ನಿಸುತ್ತದೆ, ಆದರೆ ವಾರಗಟ್ಟಲೆ ಬಿಡದೆ ಹಿಡಿದರೆ ಗೋಡೆಯ ಒಳಗಿನವರೆಗೂ ನೆನೆಯುತ್ತದೆ. ನಾಸಾದ ಡಾನ್ ನೌಕೆಯಲ್ಲಿದ್ದ ಇದೇ ಬಗೆಯ ಅಯಾನ್ ಎಂಜಿನ್ ತಳ್ಳುತ್ತಿದ್ದದ್ದು ಬರೀ 9 ಗ್ರಾಂನಷ್ಟು. ಅದರಲ್ಲೇ 2011ರಲ್ಲಿ ವೆಸ್ಟಾ ಅನ್ನುವ ಕ್ಷುದ್ರಗ್ರಹ, 2015ರಲ್ಲಿ ಸೀರೀಸ್ ಅನ್ನುವ ಕುಬ್ಜಗ್ರಹ ತಲುಪಿ ಎರಡನ್ನೂ ಸುತ್ತಿತು. ನೆಲದಿಂದ ಏಳೋಕೆ ಮಾತ್ರ ಇದು ಉಪಯೋಗಕ್ಕೆ ಬಾರದು.

ವ್ಯಾಕ್ಯೂಮ್ ಮೇಸ್ತ್ರಿ:
ಗುಣಿಸೋಕೆ ಯಾಕೆ ಆಗಲ್ಲ ಅಂದರೆ, ಇಲ್ಲಿ ಟೆಸ್ಟ್ ಮಾಡುವುದು ಬಲವನ್ನಷ್ಟೇ ಅಲ್ಲ, ಸವೆತವನ್ನು. ಕ್ಸೆನಾನ್ ಅನಿಲದಿಂದ ಎಲೆಕ್ಟ್ರಾನ್ ಕಿತ್ತು, ಉಳಿದ ಅಯಾನುಗಳನ್ನು ಸೆಕೆಂಡಿಗೆ 15 ಕಿಲೋಮೀಟರಿಗಿಂತ ಜೋರಾಗಿ ಹಿಂದಕ್ಕೆ ಎಸೆಯುತ್ತಾರೆ. ಉಪಗ್ರಹದ ಮಾಮೂಲಿ ರಾಸಾಯನಿಕ ಎಂಜಿನ್‌ನಲ್ಲಿ ಇದು 3 ಕಿಲೋಮೀಟರ್ ಆಸುಪಾಸು. ಹಾಗಾಗಿ ಇಂಧನ ತುಂಬಾ ಉಳಿಯುತ್ತದೆ. ಆದರೆ ಅದೇ ಅಯಾನುಗಳು ಎಂಜಿನ್‌ನ ಸೆರಾಮಿಕ್ ಗೋಡೆಯನ್ನೂ ಕೆರೆಯುತ್ತವೆ. ಮೊದಲು ಬೇಗ ಸವೆಯುತ್ತದೆ, ಆಮೇಲೆ ನಿಧಾನ, ಗೋಡೆಯ ಆಕಾರ ಬದಲಾದ ಹಾಗೆ ಪ್ಲಾಸ್ಮಾದ ನಡತೆಯೂ ಬದಲಾಗುತ್ತದೆ. ಮೊದಲ ಹತ್ತು ಗಂಟೆ ನೋಡಿ ಸಾವಿರನೇ ಗಂಟೆ ಹೇಳೋದು ಸುಮ್ನೆ ಕಣಿ ಹೇಳಿದ ಹಾಗೆ. ನಾಸಾದವರು ನೆಕ್ಸ್ಟ್ ಅನ್ನುವ ಅಯಾನ್ ಎಂಜಿನನ್ನು ನೆಲದ ಮೇಲೇ 48,000 ಗಂಟೆಗಿಂತ ಜಾಸ್ತಿ ಓಡಿಸಿದರು, ಐದೂವರೆ ವರ್ಷ!

ನಿಜವಾದ ತಲೆನೋವು ಚೇಂಬರ್, ಅಂದರೆ ಬಾಹ್ಯಾಕಾಶದ ಹಾಗೆ ಗಾಳಿ ಖಾಲಿ ಮಾಡಿ ಎಂಜಿನ್ ಓಡಿಸುವ ಡಬ್ಬಿ. ಎಂಜಿನ್ ಅನಿಲ ಬಿಡುತ್ತಲೇ ಇರುತ್ತದೆ, ನೀವು ಅದನ್ನು ಖಾಲಿ ಮಾಡುತ್ತಲೇ ಇರಬೇಕು. ಕ್ಸೆನಾನ್ ಮೈನಸ್ 108 ಡಿಗ್ರಿಗೇ ದ್ರವವಾಗುತ್ತದೆ, ಅದಕ್ಕಿಂತ ತುಂಬಾ ತಣ್ಣಗಿನ ತಗಡುಗಳನ್ನು ಇಟ್ಟು ಅದರ ಮೇಲೆ ಹೆಪ್ಪುಗಟ್ಟಿಸುತ್ತಾರೆ. ಆದರೂ ಸ್ವಲ್ಪ ಉಳಿಯುತ್ತದೆ. ಉಳಿದದ್ದನ್ನು ಎಂಜಿನ್ ಮತ್ತೆ ನುಂಗಿ, ಇಲ್ಲದ ಬಲವನ್ನು ತೋರಿಸುತ್ತದೆ. ಇನ್ನು ಅಯಾನುಗಳು ಚೇಂಬರ್ ಗೋಡೆಗೆ ಬಡಿದು ಲೋಹದ ಪುಡಿ ಏಳಿಸಿದರೆ ಅದು ಬಂದು ಎಂಜಿನ್‌ಗೇ ಮೆತ್ತಿಕೊಂಡು ಸವೆತವನ್ನು ಮುಚ್ಚಿಬಿಡುತ್ತದೆ. ಅದಕ್ಕೇ ಗೋಡೆಗೆ ಗ್ರಾಫೈಟ್ ಹಾಕುತ್ತಾರೆ. ನನ್ನದು ಕೋಟಿಂಗ್ ಹಾಕುವ ಸಣ್ಣ ಚೇಂಬರ್ ಅಷ್ಟೇ. ಅದರ ರಬ್ಬರ್ ರಿಂಗಿನ ಮೇಲೆ ಒಂದು ತಲೆಕೂದಲು ಕೂತಿದ್ದಕ್ಕೆ ಎರಡು ದಿನ ಲೀಕ್ ಹುಡುಕಿದ್ದೇನೆ.

ಸಾಲಗಾಮೆ ರೋಡ್:
ಮೇಸ್ತ್ರಿ ಸಾರ್, ಹಾಗಾದರೆ ಪವರ್ ಜಾಸ್ತಿ ಮಾಡಿದರೆ?

ವ್ಯಾಕ್ಯೂಮ್ ಮೇಸ್ತ್ರಿ:
ಮಾಡಿದ್ದಾರೆ. 2017ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಎಕ್ಸ್3 ಅನ್ನುವ ಥ್ರಸ್ಟರ್ 102 ಕಿಲೋವ್ಯಾಟ್ ತಿಂದು 5.4 ನ್ಯೂಟನ್ ಕೊಟ್ಟಿತು. ಅರ್ಧ ಕೇಜಿ ಕಾಫಿಪುಡಿ ಪ್ಯಾಕೆಟ್ ಎತ್ತಿ ಹಿಡಿದಷ್ಟು. 2021ರಲ್ಲಿ ಆಡ್ ಆಸ್ಟ್ರಾ ಕಂಪನಿ ತನ್ನ ವಾಸಿಮರ್ ಎಂಜಿನನ್ನು 80 ಕಿಲೋವ್ಯಾಟ್‌ನಲ್ಲಿ 88 ಗಂಟೆ ನಿಲ್ಲಿಸದೆ ಓಡಿಸಿತು. ನೆಲದ ಮೇಲಾದರೆ ತಂತಿ ಎಳೆದು ಕರೆಂಟ್ ಕೊಡಬಹುದು. ಮಂಗಳದ ಹತ್ತಿರ ಬಿಸಿಲೇ ನಮ್ಮಲ್ಲಿನ ಅರ್ಧಕ್ಕಿಂತ ಕಡಿಮೆ, ಎಷ್ಟು ಸೋಲಾರ್ ಫಲಕ ಹೊರಬೇಕು ನೋಡಿ.

ರಿಂಗ್ ರೋಡ್ ರಾಯರು:
ನಿಮ್ಮ ಫ್ರೆಂಡ್‌ಗೆ ಹೇಳಿ, ಟೆಸ್ಟ್ ಹಾಸನದಲ್ಲಿ ಆಗಲ್ಲ. ಇಲ್ಲಿ ಮಾಡೋದು ಮೇಲೆ ಹೋದ ಉಪಗ್ರಹಗಳನ್ನು ನೋಡಿಕೊಳ್ಳುವ ಕೆಲಸ. 2010ರ ಏಪ್ರಿಲ್‌ನಲ್ಲಿ ಜಿಸ್ಯಾಟ್-4ರಲ್ಲಿ ಪ್ಲಾಸ್ಮಾ ಥ್ರಸ್ಟರ್ ಇಟ್ಟು ಕಳಿಸಿದ್ದರು, ಪಾಪ, ರಾಕೆಟ್ಟೇ ಕೈಕೊಟ್ಟಿತು. 2017ರ ಮೇ 5ರಂದು ಹಾರಿದ ಜಿಸ್ಯಾಟ್-9ರಲ್ಲೂ ಎಲೆಕ್ಟ್ರಿಕ್ ಥ್ರಸ್ಟರ್ ಇತ್ತು. ಅದರ ನಿಯಂತ್ರಣ ಹಾಸನದ್ದೇ. ಸೆಮಿನಾರ್‌ನಲ್ಲಿ ಅದನ್ನು ಹೇಳೋದು ಬಿಡಬೇಡಿ.

ಸಾಲಗಾಮೆ ರೋಡ್:
ಥ್ಯಾಂಕ್ಸ್ ಎಲ್ಲರಿಗೂ, ಗುರುವಾರ ಸೆಮಿನಾರ್. ಅಜ್ಜನಿಗೆ ಮೋಟಾರಿನ ಲೆಕ್ಕ ಹೇಳಿದೆ. "ಮೂವತ್ತು ಗ್ರಾಂಗೆ ಅಷ್ಟು ಕರೆಂಟಾ? ಮೀಟರ್ ಯಾರ ಹೆಸರಲ್ಲಿದೆಯೋ" ಅಂದರು.