ಸ್ಟಾರ್‌ಲಿಂಕ್‌ಗೆ ಈಥರ್ನೆಟ್ ಅಡಾಪ್ಟರ್: ಯಾವುದನ್ನು ಕೊಳ್ಳಬೇಕು, ವೇಗ 94ಕ್ಕೇ ನಿಂತರೆ ಎಲ್ಲಿ ಹುಡುಕಬೇಕು? (ಪರಿಹಾರವಾಗಿದೆ)

ಬಯಲುಮನೆ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ, ಸಣ್ಣ ಊರೊಂದರ ಹೊರವಲಯದಲ್ಲಿ. ಫೈಬರ್ ಇಲ್ಲಿಯವರೆಗೆ ಬಂದಿಲ್ಲವಾದ್ದರಿಂದ ಉಪಗ್ರಹಗಳ ಮೂಲಕ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಹಾಕಿಸಿಕೊಂಡಿದ್ದೇವೆ. ಆಯತಾಕಾರದ, ತಾನಾಗಿಯೇ ತಿರುಗಿಕೊಳ್ಳುವ ಎರಡನೇ ತಲೆಮಾರಿನ ಡಿಶ್ ನಮ್ಮದು. ಅದರ ರೌಟರ್‌ನಲ್ಲಿ ವಿದ್ಯುತ್ತಿಗೊಂದು, ಡಿಶ್‌ಗೊಂದು ಕಿಂಡಿ ಬಿಟ್ಟರೆ ಬೇರೆ ಪೋರ್ಟ್ ಇಲ್ಲ. ನಾನು ಕೆಲಸ ಮಾಡುವ ಕೋಣೆ ಮನೆಯ ಇನ್ನೊಂದು ತುದಿಯಲ್ಲಿದ್ದು, ಅಲ್ಲಿ ವೈಫೈ ಸಿಗುತ್ತದೆಯಾದರೂ ವಿಡಿಯೊ ಸಭೆಗಳಲ್ಲಿ ಮಾತು ಮತ್ತೆ ಮತ್ತೆ ಕಡಿದುಹೋಗುತ್ತದೆ. ಮನೆಯ ಹಿಂದಿನ ಮಾಲೀಕರು ಗೋಡೆಯೊಳಗೆ ಎಳೆಸಿದ್ದ ನೆಟ್‌ವರ್ಕ್ ಕೇಬಲ್ ಒಂದು ಆ ಕೋಣೆಗೆ ಬಂದಿದೆ; ಅದನ್ನೇ ಬಳಸಿಕೊಳ್ಳುವ ಆಸೆ. ಲ್ಯಾಪ್‌ಟಾಪ್‌ನಲ್ಲಿ ಇರುವುದು ಯುಎಸ್‌ಬಿ-ಸಿ ಮಾತ್ರ. ಈಥರ್ನೆಟ್‌ಗೆ, ಅಂದರೆ ತಂತಿಯ ಸಂಪರ್ಕಕ್ಕೆ, ಯಾವ ಅಡಾಪ್ಟರ್ ಕೊಳ್ಳುವುದು ಸರಿ?

ತಂತಿಜಾಲ:

ಬಯಲುಮನೆಯವರೇ, ಕೊಳ್ಳುವುದಕ್ಕೆ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ಮಾತು ಕಡಿಯುವ ಆ ಕೋಣೆಯಲ್ಲೇ ಕುಳಿತು ಎರಡು ಕಿಟಕಿಗಳಲ್ಲಿ ಪಿಂಗ್ (ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳುಹಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುವ ಆಜ್ಞೆ) ಓಡಿಸಿ: ಒಂದು ರೌಟರ್‌ನ ವಿಳಾಸವಾದ 192.168.1.1ಕ್ಕೆ, ಇನ್ನೊಂದು ಹೊರಗಿನ, ಗೂಗಲ್‌ನ ಸರ್ವರ್ ಆದ 8.8.8.8ಕ್ಕೆ. ರೌಟರ್‌ನಿಂದ ಬರುವ ಉತ್ತರವೇ ಏರಿಳಿಯುತ್ತಿದ್ದರೆ ಅಥವಾ ಕಳೆದುಹೋಗುತ್ತಿದ್ದರೆ ತೊಂದರೆ ವೈಫೈಯಲ್ಲಿದೆ, ಕೇಬಲ್ ಹಾಕಿದರೆ ನೀಗುತ್ತದೆ. ರೌಟರ್‌ನ ಉತ್ತರ ಒಂದೇ ಸಮನಿದ್ದು ಹೊರಗಿನದು ಮಾತ್ರ ತಪ್ಪುತ್ತಿದ್ದರೆ, ಆಗ ಸ್ಟಾರ್‌ಲಿಂಕ್ ಆ್ಯಪ್‌ನಲ್ಲಿ ಡಿಶ್‌ಗೆ ಮರವೋ ಮಾಡಿನ ಅಂಚೋ ಅಡ್ಡ ಬರುತ್ತಿದೆಯೇ ಎಂದು ನೋಡಬೇಕು. ಅಂತಹ ಅಡಚಣೆಯನ್ನು ಯಾವ ಅಡಾಪ್ಟರೂ ಸರಿಪಡಿಸಲಾರದು. ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಿ ಸದಾ ಚಲಿಸುತ್ತಿರುತ್ತವೆ, ಡಿಶ್ ಒಂದರಿಂದ ಇನ್ನೊಂದಕ್ಕೆ ಸಂಪರ್ಕ ಬದಲಿಸುತ್ತಲೇ ಇರಬೇಕು. ಹಾಗಾಗಿ ಹೊರಗಿನ ಪಿಂಗ್‌ನಲ್ಲಿ ಅಲ್ಪಸ್ವಲ್ಪ ಏರಿಳಿತ ಕಂಡರೆ ಗಾಬರಿಪಡಬೇಡಿ.

ವೈಫೈಯೇ ಕಾರಣವೆಂದು ಖಚಿತವಾದರೆ ನಿಮಗೆ ಎರಡು ಬೇರೆ ಬೇರೆ ವಸ್ತುಗಳು ಬೇಕು. ಮೊದಲನೆಯದು, ಎರಡನೇ ತಲೆಮಾರಿನ ರೌಟರ್‌ಗೆಂದೇ ಸ್ಟಾರ್‌ಲಿಂಕ್ ಮಾರುವ ಈಥರ್ನೆಟ್ ಅಡಾಪ್ಟರ್. ಇದರಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ: ಆ ರೌಟರ್‌ನ ಕಿಂಡಿ ಸ್ಟಾರ್‌ಲಿಂಕ್‌ನದೇ ವಿನ್ಯಾಸದ್ದು, ಅದರಲ್ಲಿ ಸಾಮಾನ್ಯ ಪ್ಲಗ್ ಕೂರುವುದಿಲ್ಲ. ವಿದ್ಯುತ್ ತೆಗೆದು, ಡಿಶ್‌ನಿಂದ ಬಂದ ಕೇಬಲನ್ನು ರೌಟರ್‌ನಿಂದ ಬಿಡಿಸಿ ಅಡಾಪ್ಟರ್‌ಗೆ ಚುಚ್ಚಿ, ಅಡಾಪ್ಟರ್‌ನ ಗಿಡ್ಡ ಕೇಬಲನ್ನು ರೌಟರ್‌ಗೆ ಚುಚ್ಚಿ, ಪ್ಲಗ್ ಪೂರ್ತಿ ಒಳಗೆ ಹೋಗಿ ಕೂರುವವರೆಗೂ ಒತ್ತಿ. ಅರ್ಧ ಕೂತ ಪ್ಲಗ್‌ನಿಂದ ಪೋರ್ಟ್ ಕೆಲಸ ಮಾಡುವುದಿಲ್ಲ, ಕೆಲವೊಮ್ಮೆ ಡಿಶ್ ಕೂಡ ಏಳುವುದಿಲ್ಲ.

ಎರಡನೆಯದು ಲ್ಯಾಪ್‌ಟಾಪ್‌ನ ಯುಎಸ್‌ಬಿ ಅಡಾಪ್ಟರ್. ಆಯ್ಕೆಯಲ್ಲಿ ಎಚ್ಚರ ಬೇಕಾಗಿರುವುದು ಇಲ್ಲಿ. ಹೆಸರಿಗಿಂತ ಒಳಗಿನ ಚಿಪ್ ಮುಖ್ಯ. ರಿಯಲ್‌ಟೆಕ್ ಆರ್‌ಟಿಎಲ್8153 ಅಥವಾ ಎಸಿಕ್ಸ್ ಎಎಕ್ಸ್88179 ಎಂದು ವಿವರಣೆಯಲ್ಲಿ ಬರೆದಿದ್ದರೆ ಅದು ಯುಎಸ್‌ಬಿ 3.0ರ ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್) ಅಡಾಪ್ಟರ್, ಧೈರ್ಯವಾಗಿ ಕೊಳ್ಳಬಹುದು. ಆರ್‌ಟಿಎಲ್8152 ಎಂದಿದ್ದರೆ ಅದು 100 ಎಂಬಿಪಿಎಸ್‌ನದು (ಸೆಕೆಂಡಿಗೆ 100 ಮೆಗಾಬಿಟ್), ಬೇಡ. ಬಾಯಿ ಯುಎಸ್‌ಬಿ-ಸಿ ಆಕಾರದಲ್ಲಿದ್ದ ಮಾತ್ರಕ್ಕೆ ಒಳಗಿರುವುದು ಗಿಗಾಬಿಟ್ ಎಂದು ನಂಬಬಾರದು. ಸ್ಟಾರ್‌ಲಿಂಕ್ ಒಂದು ಗಿಗಾಬಿಟ್‌ನ ಹತ್ತಿರಕ್ಕೂ ಹೋಗದ ಕಾರಣ 2.5 ಗಿಗಾಬಿಟ್‌ನ ಅಡಾಪ್ಟರ್‌ಗೆ ಹೆಚ್ಚು ಹಣ ಕೊಡುವುದು ವ್ಯರ್ಥವೆಂಬುದು ನನ್ನ ಖಚಿತ ಅಭಿಪ್ರಾಯ.

ಬೈಪಾಸ್ ಮೋಡ್ ಎಂಬ ಆಯ್ಕೆಯನ್ನು ಮುಟ್ಟಬೇಡಿ. ಅದು ಸ್ವಂತ ರೌಟರ್ ಇಟ್ಟುಕೊಂಡವರಿಗೆ. ಅದನ್ನು ಒತ್ತಿದರೆ ಸ್ಟಾರ್‌ಲಿಂಕ್ ರೌಟರ್‌ನ ವೈಫೈ ಪೂರ್ತಿ ನಿಂತುಹೋಗುತ್ತದೆ, ಮರಳಿ ಪಡೆಯಲು ಫ್ಯಾಕ್ಟರಿ ರೀಸೆಟ್ ಮಾಡಬೇಕಾಗುತ್ತದೆ. ನಿಮ್ಮ ಅಗತ್ಯಕ್ಕೆ ವೈಫೈ ಮತ್ತು ಕೇಬಲ್ ಎರಡೂ ಒಟ್ಟಿಗೇ ನಡೆಯುತ್ತವೆ.

ಬಯಲುಮನೆ:

ತುಂಬಾ ಧನ್ಯವಾದಗಳು. ಪಿಂಗ್ ನೋಡಿದಾಗ 192.168.1.1ರ ಉತ್ತರವೇ ಒಮ್ಮೆ 4, ಒಮ್ಮೆ 200 ಮಿಲಿಸೆಕೆಂಡ್ ಎಂದು ಹಾರುತ್ತಿತ್ತು. ಎರಡೂ ಅಡಾಪ್ಟರ್‌ಗಳನ್ನು ತರಿಸಿದೆ; ಯುಎಸ್‌ಬಿಯದು 8153 ಚಿಪ್‌ನದು. ಈಗ ಸಭೆಗಳಲ್ಲಿ ಮಾತು ಕಡಿಯುತ್ತಿಲ್ಲ. ಆದರೆ ವೇಗ ಯಾವ ಹೊತ್ತಿನಲ್ಲಿ ನೋಡಿದರೂ 94 ಎಂಬಿಪಿಎಸ್ ಆಸುಪಾಸಿನಲ್ಲೇ ನಿಲ್ಲುತ್ತದೆ. ರೌಟರ್ ಪಕ್ಕದಲ್ಲಿ ಫೋನ್ ಹಿಡಿದು ನೋಡಿದರೆ ವೈಫೈಯಲ್ಲೇ 180 ದಾಟುತ್ತದೆ.

ತಂತಿಜಾಲ:

ಆ 94 ಎಂಬ ಅಂಕಿಯೇ ಅರ್ಧ ಉತ್ತರ ಹೇಳುತ್ತಿದೆ. ಉಪಗ್ರಹದ ಇಂಟರ್ನೆಟ್ ವೇಗ ಗಳಿಗೆಗೊಂದು ಥರ ಇರುತ್ತದೆ, ಹೀಗೆ ಒಂದೇ ಕಡೆ ಗೂಟ ಹೊಡೆದಂತೆ ನಿಲ್ಲುವುದಿಲ್ಲ. 100 ಎಂಬಿಪಿಎಸ್‌ನ ಈಥರ್ನೆಟ್ ಸಂಪರ್ಕದಲ್ಲಿ ಪ್ಯಾಕೆಟ್‌ಗಳ ಮೇಲ್ಖರ್ಚು ಕಳೆದು ಬಳಕೆಗೆ ಉಳಿಯುವುದೇ ಸುಮಾರು 94. ಅಂದರೆ ನಿಮ್ಮ ತಂತಿಯಲ್ಲಿ ಎಲ್ಲೋ ಒಂದು ಕಡೆ ಗಿಗಾಬಿಟ್ ಸಂಪರ್ಕ ಏರ್ಪಡದೆ 100ಕ್ಕೆ ಇಳಿದಿದೆ. ವಿಂಡೋಸ್‌ನಲ್ಲಾದರೆ ಸೆಟ್ಟಿಂಗ್ಸ್‌ನ ಈಥರ್ನೆಟ್ ಪುಟದಲ್ಲಿ ಲಿಂಕ್ ಸ್ಪೀಡ್ ಎಂಬ ಸಾಲು ನೋಡಿ. ಅಲ್ಲಿ 100/100 ಎಂದೇ ಇರುತ್ತದೆ.

ಇನ್ನು ಮಾಡಬೇಕಾದುದು, ಲ್ಯಾಪ್‌ಟಾಪನ್ನು ರೌಟರ್ ಬಳಿಗೇ ಒಯ್ದು, ಅಂಗಡಿಯಿಂದ ತಂದ ಗಿಡ್ಡ ಕ್ಯಾಟ್ 5ಇ (ಗಿಗಾಬಿಟ್ ಒಯ್ಯಬಲ್ಲ ದರ್ಜೆಯ) ಕೇಬಲ್‌ನಿಂದ ನೇರವಾಗಿ ಜೋಡಿಸುವುದು. ಆಗ ಲಿಂಕ್ ಸ್ಪೀಡ್ 1000 ಬಂದರೆ ಎರಡೂ ಅಡಾಪ್ಟರ್‌ಗಳು ನಿರ್ದೋಷಿಗಳು, ಗೋಡೆಯೊಳಗಿನ ಕೇಬಲೇ ಅಪರಾಧಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ತಂತಿ ಸಾಕು, ಸಾಮಾನ್ಯವಾಗಿ ಕಿತ್ತಳೆ ಮತ್ತು ಹಸಿರು. ಗಿಗಾಬಿಟ್‌ಗೆ ನೀಲಿ, ಕಂದು ಸೇರಿ ನಾಲ್ಕೂ ಜೋಡಿಗಳು ಬೇಕು. ನೀಲಿ ಅಥವಾ ಕಂದು ಜೋಡಿಯ ಒಂದು ಎಳೆ ಕೈಕೊಟ್ಟರೂ ಸಂಪರ್ಕ ಸಾಮಾನ್ಯವಾಗಿ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ, ಯಾವ ದೋಷಸೂಚನೆಯೂ ಬರುವುದಿಲ್ಲ. ಪ್ಲಗ್ಗನ್ನು ಬೆಳಕಿಗೆ ಹಿಡಿದು ಮುಂಭಾಗದಿಂದ ನೋಡಿ: ಎಂಟು ಎಳೆಗಳ ತುದಿಯೂ ಚಿನ್ನದ ಬಣ್ಣದ ಹಲ್ಲುಗಳ ಕೆಳಗೆ ಕೊನೆಯವರೆಗೂ ತಲುಪಿರಬೇಕು.

ದಕ್ಷಿಣಾರ್ಧ:

ನಾವು ಆಸ್ಟ್ರೇಲಿಯಾದಲ್ಲಿದ್ದೇವೆ. ನಮ್ಮದು ಕಾಲೂರಿ ನಿಲ್ಲಿಸುವ ಹೊಸ ಡಿಶ್. ನಮಗೂ ಸ್ಟಾರ್‌ಲಿಂಕ್‌ನ ಆ ಅಡಾಪ್ಟರ್ ಬೇಕಾಗುತ್ತದೆಯೇ?

ತಂತಿಜಾಲ:

ಬೇಡ. ನಿಮ್ಮದು ಮೂರನೇ ತಲೆಮಾರು. ಅದರ ರೌಟರ್‌ನ ಹಿಂದೆ ಮುಚ್ಚಳದಡಿ ಎರಡು ಸಾಮಾನ್ಯ ಈಥರ್ನೆಟ್ ಪೋರ್ಟ್‌ಗಳಿವೆ, ಸಾಧಾರಣ ಕೇಬಲ್ ಸಾಕು. ಡಿಶ್ ಕೇಬಲ್‌ನ ಪೋರ್ಟ್ ಮಾತ್ರ ಬೇರೆ; ಡಿಶ್‌ಗೆ ವಿದ್ಯುತ್ ಹೋಗುವುದೂ ಅದರ ಮೂಲಕವೇ ಆದ್ದರಿಂದ ಅದರಲ್ಲಿ ಬೇರೇನನ್ನೂ ಚುಚ್ಚಬೇಡಿ.

ಬಯಲುಮನೆ:

ನೀವು ಹೇಳಿದಂತೆಯೇ ಆಯಿತು. ಗಿಡ್ಡ ಕೇಬಲ್‌ನಲ್ಲಿ 1000 ತೋರಿಸಿತು. ಕೋಣೆಯ ಕಡೆಯ ಪ್ಲಗ್ಗನ್ನು ಟಾರ್ಚ್ ಬೆಳಕಿನಲ್ಲಿ ನೋಡಿದರೆ ಕಂದು ಜೋಡಿಯ ಎರಡೂ ಎಳೆಗಳು ಹಲ್ಲುಗಳಿಂದ ಒಂದು ಕೂದಲೆಳೆಯಷ್ಟು ಹಿಂದೆಯೇ ನಿಂತಿದ್ದವು. ಪ್ಲಗ್ ಕತ್ತರಿಸಿ ಹೊಸದನ್ನು ಕ್ರಿಂಪ್ ಮಾಡಿದ (ಇಕ್ಕಳದಿಂದ ಒತ್ತಿ ಕೂರಿಸಿದ) ಮೇಲೆ ವೇಗ ಕೆಲವೊಮ್ಮೆ 140, ಕೆಲವೊಮ್ಮೆ 210 ಎಂದು ಸಹಜವಾಗಿ ಏರಿಳಿಯುತ್ತಿದೆ. ಕೊನೆಯದಾಗಿ ಒಂದು ಪ್ರಶ್ನೆ: ಅಂಗಳದಾಚೆ ತಗಡಿನ ಶೆಡ್ ಇದೆ, ಅಲ್ಲಿಗೂ ಇದೇ ತರಹದ ಕೇಬಲ್ ಎಳೆಯಬಹುದೇ?

ತಂತಿಜಾಲ:

ದೂರದ ದೃಷ್ಟಿಯಿಂದ ಅಡ್ಡಿಯಿಲ್ಲ, ಕ್ಯಾಟ್ 5ಇ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ. ಆದರೆ ಎರಡು ಕಟ್ಟಡಗಳ ನಡುವೆ ತಾಮ್ರದ ತಂತಿ ಬೇಡವೆಂದು ಕಳಕಳಿಯಿಂದ ಹೇಳುತ್ತೇನೆ. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೂ ಸಾಕು, ಆ ತಂತಿಯಲ್ಲಿ ಹರಿದ ವಿದ್ಯುತ್ತು ಎರಡೂ ಕಡೆಯ ಉಪಕರಣಗಳನ್ನು ಸುಟ್ಟುಹಾಕಬಲ್ಲದು. ಲೋಹದ ಎಳೆಯಿಲ್ಲದ, ಹೊರಾಂಗಣ ಬಳಕೆಯ ಫೈಬರ್ ಕೇಬಲನ್ನು ಪೈಪಿನೊಳಗೆ ಹೂಳಿ, ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕಿನ ಸಂಕೇತವನ್ನೂ ಈಥರ್ನೆಟ್ ಸಂಕೇತವನ್ನೂ ಒಂದರಿಂದ ಇನ್ನೊಂದಕ್ಕೆ ಬದಲಿಸುವ ಪೆಟ್ಟಿಗೆ) ಇಡಿ. ಸ್ಟಾರ್‌ಲಿಂಕ್ ಅಡಾಪ್ಟರ್‌ನಲ್ಲಿ ಒಂದೇ ಪೋರ್ಟ್ ಇರುವುದರಿಂದ ರೌಟರ್ ಬಳಿ ಒಂದು ಪೋರ್ಟನ್ನು ಹಲವರಿಗೆ ಹಂಚುವ, ಐದು ಪೋರ್ಟ್‌ಗಳ ಸಾದಾ ಗಿಗಾಬಿಟ್ ಸ್ವಿಚ್ ಒಂದನ್ನು ಸೇರಿಸಿ, ಕೋಣೆಯ ಕೇಬಲ್ ಮತ್ತು ಶೆಡ್‌ನ ಕನ್ವರ್ಟರ್ ಎರಡನ್ನೂ ಅದಕ್ಕೇ ಜೋಡಿಸಬಹುದು.