ಅಪ್‌ಡೇಟ್: ಹೊಸ ಗ್ರಾಫಿಂಗ್ ಕ್ಯಾಲ್ಕುಲೇಟರ್ ನಿಧಾನವಾಗಿದ್ದುದಕ್ಕೆ ಕಾರಣ ಸಿಕ್ಕಿತು

ಬಣ್ಣದ ಪರದೆಯ ಹೊಸ ಗ್ರಾಫಿಂಗ್ ಕ್ಯಾಲ್ಕುಲೇಟರ್ ನನ್ನ ಹಳೆಯ ಕಪ್ಪು-ಬಿಳುಪಿನದಕ್ಕಿಂತಲೂ ನಿಧಾನವಾಗಿ ಗ್ರಾಫ್ ಬಿಡಿಸುತ್ತಿದೆ ಎಂದು ಇತ್ತೀಚೆಗೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿದ್ದರಿಂದಾಗಲಿ, ಮೆಮೊರಿಯನ್ನು ರೀಸೆಟ್ ಮಾಡಿದ್ದರಿಂದಾಗಲಿ ಏನೂ ವ್ಯತ್ಯಾಸ ಕಾಣಲಿಲ್ಲ (ರೀಸೆಟ್ ಮಾಡುವವರು ತಮ್ಮ ಪ್ರೋಗ್ರಾಂಗಳನ್ನು ಮೊದಲೇ ಕಂಪ್ಯೂಟರಿಗೆ ನಕಲಿಸಿಕೊಳ್ಳುವುದು ಒಳ್ಳೆಯದು). ನಿಜಕ್ಕೂ ಕೆಲಸಕ್ಕೆ ಬಂದದ್ದು, ಗ್ರಾಫ್ ಸೆಟ್ಟಿಂಗಿನಲ್ಲಿ ಅಸಿಂಪ್ಟೋಟ್ (ಗ್ರಾಫ್ ಹೆಚ್ಚು ಹೆಚ್ಚು ಹತ್ತಿರವಾಗುತ್ತ ಹೋಗುವ ಗೆರೆ) ಪತ್ತೆಹಚ್ಚುವ ಆಯ್ಕೆಯನ್ನು ಆಫ್ ಮಾಡಬೇಕೆಂಬ ಸಲಹೆ. ಅದನ್ನು ಆಫ್ ಮಾಡಿದೊಡನೆ ಗ್ರಾಫ್ ಎದ್ದು ಕಾಣುವಷ್ಟು ಚುರುಕಾಯಿತು. ಆದರೆ ಟ್ಯಾನ್ ಫಲನದಲ್ಲಿ 90 ಡಿಗ್ರಿಯ ಬಳಿ, ಇರಬಾರದ ನೆಟ್ಟನೆಯ ಗೆರೆಯೊಂದು ಮೂಡುತ್ತದೆ ಎಂಬುದು ನೆನಪಿರಲಿ. ಪ್ರತಿ ಪಿಕ್ಸೆಲ್‌ಗೆ (ಪರದೆಯ ಚುಕ್ಕೆಗೆ) ಬದಲಾಗಿ ಮೂರು ಪಿಕ್ಸೆಲ್‌ಗೊಮ್ಮೆ ಬೆಲೆ ಲೆಕ್ಕ ಹಾಕುವಂತೆ ರೆಸಲ್ಯೂಶನ್ ಬದಲಿಸಿದರೆ ವೇಗ ಇನ್ನಷ್ಟು ಹೆಚ್ಚುತ್ತದಾದರೂ, ಸೈನ್ ಅಲೆಯ ನೆತ್ತಿ ಚಪ್ಪಟೆಯಾಗುವುದರಿಂದ ನನಗದು ಹಿಡಿಸಲಿಲ್ಲ.

ನನಗೆ ಅಚ್ಚರಿ ತಂದದ್ದು ಪರದೆಯ ಲೆಕ್ಕ. ಹಳೆಯದರಲ್ಲಿ 96×64 ಚುಕ್ಕೆಗಳಿದ್ದು, ಒಂದಕ್ಕೆ ಒಂದು ಬಿಟ್‌ನಂತೆ ಇಡೀ ಪರದೆಗೆ 768 ಬೈಟ್ ಸಾಕಾಗುತ್ತಿತ್ತು; ಹೊಸದರ 320×240 ಪರದೆಯಲ್ಲಿ ಪ್ರತಿ ಚುಕ್ಕೆಗೂ 16 ಬಿಟ್ ಬೇಕಾಗಿ, ಅದು 1,53,600 ಬೈಟ್, ಅಂದರೆ ಸರಿಯಾಗಿ 200 ಪಟ್ಟು ಆಗುತ್ತದೆ. ಪ್ರೊಸೆಸರ್ ವೇಗ ಅಷ್ಟು ಪಟ್ಟು ಹೆಚ್ಚಿಲ್ಲ. ಮೆನುಗಳು ಈಗಲೂ ತುಸು ತಡವರಿಸುತ್ತವೆ, ಅದಕ್ಕೆ ಯಾರ ಸಲಹೆಯೂ ಫಲಿಸಲಿಲ್ಲ. ಹಾಗಾಗಿ ಬರೀ ಅಂಕಿಗಳ ಲೆಕ್ಕಕ್ಕೆ ಹಳೆಯದನ್ನೇ ಬಳಸುತ್ತಿದ್ದೇನೆ.