ಅಪ್‌ಡೇಟ್: ಪೋಸ್ಟ್‌ಗ್ರೆಸ್ 14ಕ್ಕೆ ಹೋದ ಮೇಲೆ ಬರುತ್ತಿದ್ದ ಎರರ್ ಸರಿಯಾಯಿತು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮ ಡೇಟಾಬೇಸ್ ಸರ್ವರನ್ನು ಪೋಸ್ಟ್‌ಗ್ರೆಸ್ 11ರಿಂದ 14ಕ್ಕೆ ಅಪ್‌ಗ್ರೇಡ್ ಮಾಡಿದ ಮೇಲೆ ನಮ್ಮ ಜಾವಾ ಅಪ್ಲಿಕೇಶನ್ 'ಅಥೆಂಟಿಕೇಶನ್ ಟೈಪ್ 10 ಸಪೋರ್ಟ್ ಇಲ್ಲ' ಎಂದು ನಿಂತುಬಿಡುತ್ತಿದೆ ಅಂತ ಕೇಳಿದ್ದೆನಲ್ಲ, ಈಗ ಸರಿಹೋಗಿದೆ.

ನೀವು ಹೇಳಿದ್ದೇ ನಿಜ, ತೊಂದರೆ ಇದ್ದದ್ದು ಹಳೆಯ ಜೆಡಿಬಿಸಿ ಡ್ರೈವರ್‌ನಲ್ಲಿ (ಜಾವಾ ಅಪ್ಲಿಕೇಶನನ್ನು ಡೇಟಾಬೇಸ್‌ಗೆ ಜೋಡಿಸುವ ಲೈಬ್ರರಿ). 14ರಿಂದ ಹೊಸ ಪಾಸ್‌ವರ್ಡ್‌ಗಳು ಡಿಫಾಲ್ಟ್ ಆಗಿ ಸ್ಕ್ರ್ಯಾಮ್-ಶಾ-256 ಎಂಬ ಹೆಚ್ಚು ಭದ್ರವಾದ ರೂಪದಲ್ಲಿ ಸೇವ್ ಆಗುತ್ತವೆ. ನಮ್ಮ 9.4 ಡ್ರೈವರ್‌ಗೆ ಅದು ಗೊತ್ತೇ ಇಲ್ಲ. 42.2.0 ಅಥವಾ ಅದಕ್ಕಿಂತ ಹೊಸದು ಬೇಕು.

ಮೊದಲು ಪಿಜಿ_ಎಚ್‌ಬಿಎ ಫೈಲಿನಲ್ಲಿ (ಯಾರು ಹೇಗೆ ಲಾಗಿನ್ ಆಗಬೇಕು ಎಂದು ಸರ್ವರ್‌ಗೆ ಹೇಳುವ ಫೈಲ್) ಹಳೆಯ ಪಾಸ್‌ವರ್ಡ್ ವಿಧಾನವಾದ ಎಂಡಿ5 ಎಂದು ಬದಲಿಸಿ ನೋಡಿದೆ. ಮತ್ತೆ ಅದೇ ಎರರ್. ಹೊಸ ಸರ್ವರ್‌ನಲ್ಲಿ ಪಾಸ್‌ವರ್ಡ್ ಮತ್ತೆ ಸೆಟ್ ಮಾಡಿದ್ದೆ, ಹಾಗಾಗಿ ಅದು ಆಗಲೇ ಸ್ಕ್ರ್ಯಾಮ್ ಆಗಿತ್ತು. ಆಗ ಫೈಲಿನಲ್ಲಿ ಎಂಡಿ5 ಅಂತಿದ್ದರೂ ಸರ್ವರ್ ಸ್ಕ್ರ್ಯಾಮನ್ನೇ ಕೇಳುತ್ತದೆ. ಇದು ತಿಳಿಯಲು ಅರ್ಧ ದಿನ ಹೋಯಿತು.

ಹೊಸ ಡ್ರೈವರ್ ಹಾಕಿದ ಮೇಲೂ ಸರಿಯಾಗಲಿಲ್ಲ! ನೋಡಿದರೆ ಅಪ್ಲಿಕೇಶನ್ ಓಡುವ ಟಾಮ್‌ಕ್ಯಾಟ್ ಸರ್ವರ್‌ನ ಲಿಬ್ ಫೋಲ್ಡರಿನಲ್ಲಿ ಹಳೆಯ ಡ್ರೈವರ್‌ನ ಜಾರ್ ಫೈಲ್ ಹಾಗೇ ಇತ್ತು. ತೆಗೆದು ರೀಸ್ಟಾರ್ಟ್ ಮಾಡಿದೆ, ಕನೆಕ್ಟ್ ಆಯಿತು.

ಪಾಸ್‌ವರ್ಡನ್ನು ಎಂಡಿ5ಗೆ ಇಳಿಸಿ ಅಂತ ಕೆಲವರು ಹೇಳಿದ್ದಿರಿ. ಅದೂ ನಡೆಯುತ್ತದೆ, ಆದರೆ ಸುಮ್ನೆ ಭದ್ರತೆ ಕಡಿಮೆ ಮಾಡಿಕೊಳ್ಳಲು ಮನಸ್ಸು ಬರಲಿಲ್ಲ.